ಅಕ್ಕನ ಮೊಳೆ

ಬುಧವಾರ, ಮಧ್ಯಾಹ್ನ
ನಾಟಕಶಾಲೆಯ ಬಣ್ಣದ ಕೋಣೆಯಿಂದ

ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ನೀನು ಯಾವಾಗ ಚೆನ್ನಾಗಿರಲಿಲ್ಲ ಹೇಳು? ಭಾವನ ಮಂಡಿನೋವು ಕಡಿಮೆಯಾಯಿತಾ? ನಿನ್ನ ಕೂದಲು ಇನ್ನೂ ನರೆತಿಲ್ಲವಂತೆ. ಟಿಕೆಟ್ ಕೌಂಟರಿನ ಮುದುಕ ನಿನ್ನನ್ನು ಯಾವುದೋ ಮದುವೆಮನೆಯಲ್ಲಿ ನೋಡಿ ಬಂದು ಎಲ್ಲರೆದುರು ಅದನ್ನೇ ಹೇಳಿದ. ಬಣ್ಣ ಹಚ್ಚಿದ ಕೂದಲು ಹೊತ್ತುಕೊಂಡು ನಾನು ಅವನ ಮುಂದೆಯೇ ಕೂತಿದ್ದೆ.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ನಾಟಕಶಾಲೆ ರಿಪೇರಿಯಾಗಿ, ಬರುವ ತಿಂಗಳ ಮೊದಲ ಭಾನುವಾರ ಮತ್ತೆ ಬಾಗಿಲು ತೆರೆಯುತ್ತಿದೆ. ಆಹ್ವಾನ ಪತ್ರಿಕೆ ನಿನಗೆ ತಲುಪಿಲ್ಲ ಎಂದು ಕೇಳಿದೆ. ಈಗಿನ ಅಂಚೆಯವರನ್ನು ನಂಬುವ ಹಾಗೇ ಇಲ್ಲ ಬಿಡು.

ಈ ಕಟ್ಟಡಕ್ಕಾಗಿ ನಾನು ಎಷ್ಟು ಅಲೆದೆ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ಕೆಡವಿ ಅಂಗಡಿ ಸಾಲು ಕಟ್ಟುತ್ತೇವೆ ಅಂದವರ ಕಚೇರಿಗೆ ಹೋಗಿ ಬಾಗಿಲಲ್ಲೇ ಕೂತೆ. ಸಭೆಯಿಂದ ಸಭೆಗೆ ಓಡಿ ಗಂಟಲು ಹರಿದುಕೊಂಡೆ. ಸೋರುವ ಬಾಲ್ಕನಿಯ ಕೆಳಗೆ ಕೊಡೆ ಬಿಚ್ಚಿ ನಿಂತು ಪತ್ರಿಕೆಯವರಿಗೆ ಫೋಟೋ ಕೊಟ್ಟೆ. ಮನೆಮನೆ ಬಾಗಿಲು ತಟ್ಟಿದೆ. ಜನ ಬಾಗಿಲು ತೆರೆದು, ನನ್ನನ್ನು ನೋಡಿ ಮುಖ ಅರಳಿಸಿ, ಒಳಗೆ ಕರೆದು ಕೂರಿಸಿ, ಏನು ಕೇಳುತ್ತಿದ್ದರು ಗೊತ್ತಾ? ನಿಮ್ಮ ಅಕ್ಕ ಹೇಗಿದ್ದಾರೆ ಅಂತ! ನೀನು ಆಡಿದ್ದು ನಾಲ್ಕೇ ವರ್ಷ ಕಣೇ. ಮದುವೆಯಾಗಿ, ಬಣ್ಣ ಒರೆಸಿಕೊಂಡು ಹೊರಟುಹೋದೆ. ಆಮೇಲೆ ರಾಣಿಯಿಂದ ಹಿಡಿದು ಅಜ್ಜಿಯ ಪಾತ್ರದ ತನಕ, ಜ್ವರ ಬಂದಾಗಲೂ, ಮುಂದಿನ ಸಾಲು ಖಾಲಿ ಇದ್ದಾಗಲೂ ಆಡಿದವಳು ನಾನು.

ಹೊಟ್ಟೆಕಿಚ್ಚು ಅಂತೀಯ? ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕೆ ಹುಡುಕಲಿ.

ಆ ಮೊಳೆ ನೆನಪಿದೆಯಾ ನಿನಗೆ? ನಾಟಕ ಕಂಪನಿಗೆ ಸೇರಿದ ಹೊಸದರಲ್ಲಿ, ಖಾಲಿ ರಂಗದ ಮೇಲೆ ನೀನು ಬರಿಗಾಲಲ್ಲಿ ಗುನುಗುತ್ತಾ ಓಡಾಡಿದೆ. ಕಿವಿಗೊಟ್ಟು ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ. ಆಮೇಲೆ ನಿಂತು, ಇಲ್ಲಿ ಅಂದೆ. ಇಲ್ಲಿಂದ ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುತ್ತದೆ ಅಂದೆ. ಆಗ ನಾನಿನ್ನೂ ಎರಡು ಜಡೆಯ ಹುಡುಗಿ, ನೋಡೇಬಿಡೋಣ ಎಂದು ಕೊನೆಯ ಸಾಲಿಗೆ ಓಡಿ ಕೂತೆ. ನೀನು ಪಿಸುಗುಟ್ಟಿದ್ದು ನನ್ನ ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ ಕೇಳಿಸಿತು. ಪುಟ್ಟಿ, ಮೂಗಿಂದ ಬೆರಳು ತೆಗಿ ಅಂತ.

ಕತ್ತಲಲ್ಲಿ ಬಂದರೂ ಕಾಲಿಗೆ ಸಿಗಲಿ ಎಂದು ನೀನೇ ಆ ಜಾಗಕ್ಕೆ ಹಿತ್ತಾಳೆ ತಲೆಯ ಮೊಳೆ ಹೊಡೆದೆ. ಆಮೇಲೆ ನೀನು ಹೋದೆ, ಮೊಳೆ ಹೋಗಲಿಲ್ಲ. ಅಕ್ಕನ ಮೊಳೆ ಅಂತ ಹೆಸರೇ ಬಿತ್ತು. ನಿನ್ನ ಮುಖವನ್ನೇ ನೋಡದ ಹುಡುಗಿಯರೂ ರಂಗಕ್ಕೆ ಬಂದರೆ ಮೊದಲು ಅದನ್ನು ಹೆಬ್ಬೆರಳಲ್ಲಿ ಮುಟ್ಟಬೇಕು, ಅದರ ಮೇಲೆ ನಿಂತೇ ಬಾಯಿ ಬಿಡಬೇಕು. ನಾನೊಬ್ಬಳೇ ನಿಲ್ಲಲಿಲ್ಲ. ಒಂದು ದಿನವೂ ಇಲ್ಲ. ಒಂದು ಹೆಜ್ಜೆ ಎಡಕ್ಕೆ ನಿಂತು ಗಂಟಲು ಏರಿಸಿ ಮಾತಾಡಿದೆ. ನಿನ್ನ ಹಳೇ ಬಟ್ಟೆ ತೊಟ್ಟು ಬೆಳೆದದ್ದು ಸಾಲದೇ, ನೀನು ಬಿಟ್ಟುಹೋದ ಜಾಗ ಬೇರೆ ಬೇಕಾ ಅನ್ನಿಸುತ್ತಿತ್ತು.

ರಿಪೇರಿ ಶುರುವಾದಾಗ ಇಂಜಿನಿಯರ್ ಹುಡುಗಿ ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದಳು. ಪರದೆಯ ಬಣ್ಣ ಯಾವುದಿತ್ತು, ಬಾಗಿಲ ಹಿಡಿ ಹೇಗಿತ್ತು, ಎಲ್ಲ. ನನಗೂ ಖುಷಿಯೋ ಖುಷಿ. ರಂಗದ ಹಲಗೆಗಳ ಸರದಿ ಬಂತು. ಬಡಗಿ ತಟ್ಟಿ ನೋಡಿ, ಮುಂದಿನವು ಗಟ್ಟಿಯಾಗಿವೆ, ಹಾಗೇ ಇರಲಿ ಅಂದ. ಬೇಡವೇ ಬೇಡ, ಗೆದ್ದಲು ಹಿಡಿದಿದೆ ಅಂದೆ. ಎಲ್ಲಿ ತೋರಿಸಿ ಅಂದ. ಒಳಗಿದೆ ಅಂದೆ. ಆ ಹುಡುಗಿ ಮೊಳೆ ತೋರಿಸಿ ಇದೇನಮ್ಮ ಎಂದೂ ಕೇಳಿದಳು. ಯಾವುದೋ ಹಳೇ ಮೊಳೆ, ಕಾಲಿಗೆ ಚುಚ್ಚುತ್ತೆ, ಕಿತ್ತು ಬಿಸಾಕಿ ಅಂದೆ. ಕಂಪನಿಯವರು ಯಾರೂ ಹತ್ತಿರವಿಲ್ಲದ ಹೊತ್ತು ನೋಡಿಯೇ ಅಂದೆ. ಹಿರಿಯಳ ಮಾತಿಗೆ ಯಾರು ಎದುರಾಡುತ್ತಾರೆ? ಹಲಗೆಗಳೆಲ್ಲ ಎದ್ದುಹೋದವು. ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ, ನಿನ್ನಾಣೆ.

ನಿನ್ನೆ ಹೊಸ ರಂಗದ ಮೇಲೆ ಮೊದಲ ತಾಲೀಮು. ಬಾಗಿಲು ತೆರೆಯುವ ದಿನದ ನಾಟಕದಲ್ಲಿ ಮೊದಲ ಮಾತು ನನ್ನದು, ಅದೂ ಮೈಕಿಲ್ಲದೆ, ಹಿಂದಿನ ಹಾಗೆ. ಮೈಕು ಬೇಡ ಎಂದು ಹಟ ಹಿಡಿದವಳೂ ನಾನೇ. ಪರದೆ ಎದ್ದಿತು, ಕತ್ತಲಲ್ಲಿ ನಡೆದು ಬಂದೆ. ಕಾಲು ತಾನಾಗಿಯೇ ನೆಲ ತಡಕಾಡಿತು. ಆಗ ಗೊತ್ತಾಯಿತು ಅಕ್ಕಾ. ನಾನು ಆ ಮೊಳೆಯ ಮೇಲೆ ನಿಲ್ಲಲಿಲ್ಲ, ನಿಜ. ಆದರೆ ಇಷ್ಟು ವರ್ಷವೂ ಅದನ್ನು ಕಾಲಲ್ಲಿ ಹುಡುಕಿ, ಅದು ಸಿಕ್ಕ ಮೇಲೆಯೇ ಎಡಕ್ಕೆ ಸರಿಯುತ್ತಿದ್ದೆ. ನಿನ್ನೆ ಅದು ಸಿಗಲಿಲ್ಲ. ಎತ್ತ ಹೋದರೂ ನುಣ್ಣನೆಯ ಹಲಗೆ. ಮಾತೇ ಮರೆತುಹೋಯಿತು. ನನಗೆ! ಬೇರೆಯವರ ಮಾತನ್ನೂ ಬಾಯಿಪಾಠ ಹೇಳುವವಳಿಗೆ! ದೀಪ ಹತ್ತಿದಾಗ ನೋಡಿದರೆ ಎಲ್ಲೋ ಮೂಲೆಯಲ್ಲಿದ್ದೆ. ಹೇಗೋ ಬಾಯಿ ಬಿಟ್ಟೆ. ಕೊನೆಯ ಸಾಲಿನಿಂದ ಇಂಜಿನಿಯರ್ ಹುಡುಗಿ, ಸ್ವಲ್ಪ ಜೋರಾಗಿ ಹೇಳ್ತೀರಾ ಅಮ್ಮ ಅಂದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಸುಧಾರಿಸಿಕೊಳ್ಳುತ್ತಿದ್ದೆ.

ಇವತ್ತು ಬೆಳಗ್ಗಿನಿಂದ ಸೀಮೆಸುಣ್ಣ ಹಿಡಿದು ಆ ಜಾಗ ಹುಡುಕಿದ್ದೇ ಹುಡುಕಿದ್ದು. ರಂಗದ ತುಂಬ ಗುರುತುಗಳು, ಒಂದೂ ಸರಿಯಿಲ್ಲ. ಮೊದಲೇ ಹೇಳಿದ್ದರೆ ಅಳೆದು ಇಟ್ಟುಕೊಳ್ಳುತ್ತಿದ್ದೆ ಎಂದು ಆ ಹುಡುಗಿ ಪೇಚಾಡುತ್ತಿದ್ದಾಳೆ. ನಿನ್ನ ಹಾಗೆ ಗುನುಗಿಯೂ ನೋಡಿದೆ. ನನ್ನ ಕಿವಿಗೆ ಏನೂ ತಿಳಿಯಲಿಲ್ಲ. ಮೊದಲ ಮಾತನ್ನು ಯಾವಳಾದರೂ ಚಿಕ್ಕವಳಿಗೆ ಕೊಡೋಣ, ಹಿರಿಯರು ಇವರು, ಮುಂದಿನ ಸಾಲಲ್ಲಿ ಹೂಗುಚ್ಛ ಹಿಡಿದು ಕೂತಿರಲಿ ಎಂದು ಕಮಿಟಿಯವರು ಗುಸುಗುಸು ಶುರುಮಾಡಿದ್ದಾರೆ. ಆ ಒಂದು ಮಾತು ಆಡುವುದಕ್ಕೇ ನಾನು ಅಷ್ಟು ಬಾಗಿಲು ತಟ್ಟಿದ್ದು. ನನಗೆ ಅಳು ಬರುತ್ತಿದೆ ಅಕ್ಕಾ.

ಅದಕ್ಕೆ ಬಾ. ಮುಂದಿನ ವಾರವೇ ಬಸ್ಸು ಹತ್ತು. ಬಂದು ಗುನುಗುತ್ತಾ ನಡೆದು, ಎಲ್ಲಿ ಎಂದು ಹೇಳು. ಹುಡುಗಿಯರೆಲ್ಲ ನಿನ್ನನ್ನು ಮುತ್ತಿಕೊಳ್ಳುತ್ತಾರೆ, ಟಿಕೆಟ್ ಕೌಂಟರಿನ ಮುದುಕ ಕಣ್ಣೀರು ಹಾಕುತ್ತಾನೆ, ನನಗೆ ಮೈಯೆಲ್ಲ ಉರಿಯುತ್ತದೆ. ಉರಿಯಲಿ, ಸಹಿಸಿಕೊಳ್ಳುತ್ತೇನೆ. ತಲೆಗೆ ಒಂದು ಬಟ್ಟೆ ಸುತ್ತಿಕೊಂಡು ಬಾ, ಅಷ್ಟು ಉಪಕಾರ ಮಾಡು.

ಆಹ್ವಾನ ಪತ್ರಿಕೆ ಇದರ ಜೊತೆಗೇ ಇದೆ. ಪಾಪ, ಅಂಚೆಯವರದೇನೂ ತಪ್ಪಿಲ್ಲ, ಅದು ನನ್ನ ಬ್ಯಾಗಿನಿಂದ ಹೊರಗೇ ಬಂದಿರಲಿಲ್ಲ. ಮೂಲೆ ಸ್ವಲ್ಪ ಮಡಚಿಹೋಗಿದೆ.

ಭಾವನನ್ನೂ ಕರೆದುಕೊಂಡು ಬಾ.

ಉರಿಯುತ್ತಲೇ ಕಾಯುತ್ತಿರುವ ನಿನ್ನ ತಂಗಿ,
ಪುಟ್ಟಿ

ಮರೆತಿದ್ದೆ: ಮೊಳೆ ಬಿಸಾಕಿ ಅಂದಿದ್ದೆನಲ್ಲ, ಬಡಗಿ ಅದನ್ನು ಕಿತ್ತು ಕಸದ ರಾಶಿಗೆ ಎಸೆದ. ಅವನು ಅತ್ತ ತಿರುಗಿದ ಮೇಲೆ ಹೆಕ್ಕಿಕೊಂಡೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ನನ್ನ ಪೌಡರ್ ಡಬ್ಬಿಯಲ್ಲಿದೆ. ಸುತ್ತಿಗೆಯೂ ತಂದಿಟ್ಟಿದ್ದೇನೆ. ಜಾಗ ಸಿಕ್ಕ ಮೇಲೆ ನೀನೇ ಹೊಡೆ. ನನ್ನ ಕೈಗೆ ಮಾತ್ರ ಕೊಡಬೇಡ, ಒಂದು ಹೆಜ್ಜೆ ಎಡಕ್ಕೆ ಹೊಡೆದುಬಿಡುತ್ತೇನೆ.