ನೆಲುವಿನ ಎತ್ತರ

6-2-78, ಸೋಮವಾರ

ಏಳೂ ಹತ್ತರ ಲಕ್ಕವಳ್ಳಿ ಗಾಡಿ ಇವತ್ತೂ ಇಪ್ಪತ್ತು ನಿಮಿಷ ಲೇಟ್. ಬೈಸಿಕೊಳ್ಳುವುದು ಡ್ರೈವರ್ ಅಲ್ಲ, ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತ ಏಜೆಂಟ್, ಅಂದರೆ ನಾನು. ಇಪ್ಪತ್ತೆರಡು ವರ್ಷದಿಂದ ಬೈಸಿಕೊಂಡು ಅರಗಿಸಿಕೊಂಡಿದ್ದೇನೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಅಲ್ಲೂ ಯುದ್ಧ. ಅಡುಗೆಮನೆಯ ತೊಲೆಗೆ ಹಗ್ಗದ ನೆಲುವು ಕಟ್ಟಿದೆ, ಅದರ ಮೇಲೆ ಬೆಣ್ಣೆ ಗಡಿಗೆ. ಆಳೆತ್ತರ. ಅಲ್ಲಿಗೂ ಹಾರಿದ್ದಾಳೆ ಕಳ್ಳಿ. ನಮ್ಮ ಬೆಕ್ಕಿಗೆ ಬೇರೆ ಹೆಸರಿಲ್ಲ, ಅಕ್ಕ ಇಟ್ಟದ್ದು ಇದೊಂದೇ. ಅಕ್ಕನ ಕೈಗೆ ಸಿಕ್ಕಿದ್ದು ಊದುಕೊಳವೆ. ಬೀಸಿದಳು. ದಿನಾ ಗುರಿ ತಪ್ಪುತ್ತಿತ್ತು. ಇವತ್ತು ಪಕ್ಕೆಗೆ ತಾಗಿತು.

"ಸತ್ತಾದ್ರೂ ಹೋಗಬಾರ್ದಾ ಹಾಳಾದ್ದು! ನೀನು ಸತ್ತ ದಿನ ಪಾಯಸ ಮಾಡ್ತೀನಿ ಕಣೇ!"

ನಾಲ್ಕು ವರ್ಷದಿಂದ ಇದೇ ಮಂತ್ರ. ಉಂಡು ಸ್ಟ್ಯಾಂಡಿಗೆ ಬಂದೆ. ಬೀರೂರು ಗಾಡಿಗೆ ಪಂಕ್ಚರ್.

9-2-78, ಗುರುವಾರ

ಮೂರು ದಿನದಿಂದ ಬೆಣ್ಣೆ ಇಟ್ಟಷ್ಟೂ ಇದೆ. ಅಕ್ಕ ಗಡಿಗೆ ಇಳಿಸಿ ಇಳಿಸಿ ನೋಡುತ್ತಾಳೆ.

ಸಂಜೆ ಬಚ್ಚಲಿನ ಹಂಡೆ ಒಲೆಯ ಹಿಂದೆ ಕಳ್ಳಿ ಸಿಕ್ಕಳು. ಮೈ ಕೆಂಡ. ಕಣ್ಣು ಗೀಜುಗಟ್ಟಿ ಮುಚ್ಚಿಹೋಗಿದೆ. ಮೂಗು ಸೋರುತ್ತಿದೆ. ಅಕ್ಕ ಅಲ್ಲೇ ಕೂತು ತೊಡೆಗೆ ಎತ್ತಿಕೊಂಡಳು.

"ನಾನೇ ಕೊಂದೆ ಕಣೋ ಮಲ್ಲಣ್ಣ."

"ಇನ್ನೂ ಉಸಿರಾಡ್ತೈತೆ, ಸುಮ್ನಿರಕ್ಕ."

10-2-78, ಶುಕ್ರವಾರ

ಅಜ್ಜಂಪುರದ ದನದ ಡಾಕ್ಟರು ಶುಕ್ರವಾರ ನಮ್ಮ ಗಾಡಿಯಲ್ಲೇ ಬರುತ್ತಾರೆ. ಇಳಿಯುತ್ತಿದ್ದ ಹಾಗೇ ಹಿಡಿದುಕೊಂಡು ಮನೆಗೆ ಬಂದೆ.

"ಎತ್ತು ಎಮ್ಮೆ ಅಂದ್ರೆ ಸರಿ. ಬೆಕ್ಕು ನೋಡಿ ಅಂತ ಕರೆದೋರು ನೀವೇ ಮೊದಲು ಕಣ್ರೀ," ಎಂದು ನಕ್ಕರು. ಆದರೂ ಮೈಯೆಲ್ಲ ತಡವಿ ನೋಡಿದರು. ಮೂಳೆ ಮುರಿದಿಲ್ಲ, ಊತವಿಲ್ಲ. ಶೀತಜ್ವರ. ಊರಲ್ಲಿ ಎಷ್ಟೋ ಬೆಕ್ಕುಗಳಿಗೆ ಬಂದಿದೆಯಂತೆ. ಇಂಜೆಕ್ಷನ್ ಚುಚ್ಚಿದರು.

"ನಿಮ್ಮ ಪೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲಮ್ಮ."

ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆ ಅಂಬಮ್ಮ ಬೆಳಿಗ್ಗೆಯೇ ಬಂದು, ಬೆಕ್ಕು ಕೊಂದ ಪಾಪ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಹೋಗುವುದಿಲ್ಲ ಎಂದು ಹೇಳಿ ಹೋಗಿದ್ದಾಳೆ. ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಇಂಥವರೇ ಬೇಕು.

ಡಾಕ್ಟರು ಹೋದ ಮೇಲೆ ಅಕ್ಕ ಲಿಂಗಪೂಜೆಗೆ ಕೂತಳು. ಬಹಳ ಹೊತ್ತು. ಎದ್ದು ಬಂದವಳೇ ಹೇಳಿದಳು: "ಅದು ತಾನಾಗೇ ಬಾಯಿ ಹಾಕಿ ತಿನ್ನೋಗಂಟ ನಾನು ಅನ್ನ ಮುಟ್ಟಲ್ಲ. ಇನ್ಮೇಲೆ ಅದನ್ನ ಬೈಯೋದೂ ಇಲ್ಲ."

ಎರಡನೆಯದು ನಡೆಯುವ ಮಾತಲ್ಲ. ಮೊದಲನೆಯದು ನಡೆಸಿಯೇ ತೀರುತ್ತಾಳೆ, ಅದೇ ಹೆದರಿಕೆ. ಅರವತ್ತೊಂದು ವರ್ಷ. ಬಿ.ಪಿ. ಮಾತ್ರೆ ಊಟದ ಮೇಲೆ ನುಂಗಬೇಕು. ಶಿವರಾತ್ರಿ ಇನ್ನೂ ಮುಂದಿನ ತಿಂಗಳು, ಈಗಲೇ ಉಪವಾಸ ಶುರುವಾಯ್ತಾ ಎಂದು ತಮಾಷೆ ಮಾಡಿದೆ. ನಗಲಿಲ್ಲ.

14-2-78, ಮಂಗಳವಾರ

ಜ್ವರ ಬಿಟ್ಟಿದೆ. ಕಣ್ಣು ತೆರೆದಿದೆ. ತಿನ್ನುವುದು ಮಾತ್ರ ಇಲ್ಲ.

ಅಕ್ಕ ಬೆಕ್ಕಿನ ಹಣೆಗೆ ವಿಭೂತಿ ಹಚ್ಚಿದ್ದಾಳೆ. ಹೆಸರೂ ಬದಲಾಗಿದೆ. ಈಗ ಅದು ಗೌರಮ್ಮ. ಬೆಳ್ಳಿ ತಟ್ಟೆಯಲ್ಲಿ ಹಾಲನ್ನ ಕಲಸಿ ಮುಂದಿಟ್ಟು, "ಉಣ್ಣಮ್ಮ ಗೌರಮ್ಮ, ಒಂದೇ ಒಂದು ತುತ್ತು," ಎಂದು ಬೀಗರನ್ನು ಉಪಚರಿಸಿದ ಹಾಗೆ ಉಪಚರಿಸುತ್ತಾಳೆ. ಗೌರಮ್ಮ ತಟ್ಟೆ ನೋಡುತ್ತದೆ, ಅಕ್ಕನನ್ನು ನೋಡುತ್ತದೆ, ಗೋಡೆ ಕಡೆ ತಿರುಗುತ್ತದೆ.

ಕೊನೆಗೆ ಪೆಟ್ಟಿಗೆಯಿಂದ ಒಳಲೆ ತೆಗೆದಳು. ಅವ್ವ ಹೋದಾಗ ನಾನು ಏಳು ತಿಂಗಳ ಕೂಸು, ಅಕ್ಕನಿಗೆ ಹನ್ನೆರಡು ವರ್ಷ. ಇದೇ ಒಳಲೆಯಲ್ಲಿ ನನಗೆ ಹಾಲು ಕುಡಿಸಿದ್ದಂತೆ. ನಾನು ಬೆಕ್ಕಿನ ಬಾಯಿ ಹಿಡಿದೆ, ಅವಳು ಹುಯ್ದಳು. ಅರ್ಧ ಒಳಗೆ, ಅರ್ಧ ನನ್ನ ಪಂಚೆಗೆ. ಜೀವ ಹಿಡಿದಿರುವುದು ಅಷ್ಟರಲ್ಲೇ.

ಕಂಡಕ್ಟರ್ ಬಸವರಾಜನ ಕೈಯಲ್ಲಿ ಡಾಕ್ಟರಿಗೆ ಚೀಟಿ ಕಳಿಸಿದ್ದೆ. ಸಂಜೆ ಟ್ರಿಪ್ಪಿಗೆ ಉತ್ತರ ಬಂತು. "ತಾನಾಗಿ ತಿನ್ನಲೇಬೇಕು. ಇನ್ನೊಂದು ವಾರ ಹೀಗೇ ಆದರೆ ಉಳಿಯುವುದು ಕಷ್ಟ. ವಾಸನೆ ಜೋರಿರುವ ಪದಾರ್ಥ ಇಟ್ಟು ನೋಡಿ. ಮೀನು ಉತ್ತಮ."

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡೆ. ಏಳು ತಲೆಮಾರಿನಿಂದ ಆ ಪದಾರ್ಥ ಈ ಹೊಸಿಲು ದಾಟಿಲ್ಲ.

16-2-78, ಗುರುವಾರ

ಇದನ್ನು ಬರೆಯಬಾರದು. ಬರೆಯದೆ ಇರಲಾರೆ.

ಬಸವರಾಜ ಲಕ್ಕವಳ್ಳಿಯಿಂದ ತಂದ. ಡ್ಯಾಮಿನ ಮೀನು, ಟಿಫನ್ ಕ್ಯಾರಿಯರಿನಲ್ಲಿ. "ಏಜೆಂಟ್ರೇ, ನಮ್ಮನೇಲಿ ಬೇಯಿಸಿದ್ದು, ಉಪ್ಪು ಖಾರ ಹಾಕಿಲ್ಲ," ಎಂದು ಕಿವಿಯಲ್ಲಿ ಹೇಳಿದ. ನಡುವಯಸ್ಸು ದಾಟಿದ ಮಲ್ಲಿಕಾರ್ಜುನಯ್ಯ ಎಂಬ ಲಿಂಗವಂತ ಅದನ್ನು ಟವೆಲಿನಲ್ಲಿ ಸುತ್ತಿ, ಹಿತ್ತಿಲ ಗೇಟಿನಿಂದ ಕಳ್ಳನ ಹಾಗೆ ನುಗ್ಗಿ, ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಸೌದೆ ಕೊಟ್ಟಿಗೆ ಸೇರಿದ. ಎಲೆಯ ಮೇಲೆ ಇಟ್ಟೆ. ಕಳ್ಳಿ ಮೂಸಿದಳು. ಸೀನಿದಳು. ಬಾಲ ಎತ್ತಿಕೊಂಡು ಹೊರಟೇಹೋದಳು.

ಕುಲಗೆಟ್ಟರೂ ಸುಖಪಡಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಮೀನು ಕಾಗೆಗಳ ಪಾಲು. ಎರಡನೇ ಸಲ ಸ್ನಾನ ಮಾಡಿದೆ.

"ಅದೇನೋ ವಾಸನೆ ಮಲ್ಲಣ್ಣ?"

"ಡೀಸೆಲ್ಲು ಕಣಕ್ಕ."

18-2-78, ಶನಿವಾರ

ಅಕ್ಕ ಬಾವಿ ಕಟ್ಟೆಯಲ್ಲಿ ತಲೆ ಸುತ್ತಿ ಕೂತಳಂತೆ. ಅಂಬಮ್ಮ ಹಿಡಿದುಕೊಂಡಳಂತೆ. ಸ್ಟ್ಯಾಂಡಿಗೆ ಸುದ್ದಿ ಬಂತು, ಟ್ರಿಪ್ ಶೀಟು ಹಾಗೇ ಬಿಟ್ಟು ಓಡಿದೆ.

ಎಂಟು ದಿನ. ಮಜ್ಜಿಗೆ, ಬಾಳೆಹಣ್ಣು, ಅಷ್ಟೇ. ಬಳೆ ಮೊಳಕೈವರೆಗೂ ಸರಿಯುತ್ತಿದೆ. ಕೂಗಾಡಿದೆ.

"ನಿನಗೇನಾದ್ರೂ ಆದ್ರೆ ನನಗೆ ಯಾರಿದಾರೆ? ಉಣ್ಣಕ್ಕ!"

"ಅದು ಉಂಡ್ಲಾ?"

ಮನೆಯಲ್ಲಿ ಮೂರು ಜೀವ, ಮೂರು ತಟ್ಟೆ. ಮೂರೂ ಹಾಗೇ ಇದ್ದವು. ಹೆಂಡತಿ ಹೋಗಿ ಆರು ವರ್ಷವಾಯಿತು. ಅಕ್ಕನೂ ಹೋದರೆ... ಇದನ್ನು ಮುಂದೆ ಬರೆಯುವುದಿಲ್ಲ.

19-2-78, ಭಾನುವಾರ, ಬೆಳಿಗ್ಗೆ 11

ತಿಂದಳು! ಕಳ್ಳಿ ತಿಂದಳು, ಆಮೇಲೆ ಬಿಟ್ಟಳು. ಕ್ರಮವಾಗಿ ಬರೆಯುತ್ತೇನೆ.

ರೊಟ್ಟಿ ಬೆಣ್ಣೆ ಮುಂದಿಟ್ಟುಕೊಂಡು ಕೂತಿದ್ದೆ. ಬಾಗಿಲಲ್ಲಿ ಬಸವರಾಜ ಕೂಗಿದ. ಕಡೂರು ಗಾಡಿ ಕೆಟ್ಟಿತ್ತು. ಎದ್ದು ಹೋಗಿ, ಮಾತಾಡಿ, ವಾಪಸು ಬಂದರೆ ನನ್ನ ತಟ್ಟೆಯಲ್ಲಿ ಕಳ್ಳಿ! ಕಾಲು ನಡುಗುತ್ತಿವೆ, ಮೀಸೆ ತುಂಬ ಬೆಣ್ಣೆ, ಕಣ್ಣು ಬಾಗಿಲ ಮೇಲೆ. ನಾನು ಬಾಗಿಲ ಮರೆಗೆ ಸರಿದೆ.

ಅಷ್ಟರಲ್ಲಿ ಅಕ್ಕ ಬಂದಳು. "ಅಯ್ಯೋ ನಮ್ಮವ್ವ! ಉಣ್ಣಮ್ಮ ಉಣ್ಣು!" ಎಂದು ತಟ್ಟೆಯನ್ನು ಇನ್ನೂ ಹತ್ತಿರ ಸರಿಸಿದಳು.

ಬೆಕ್ಕು ತಕ್ಷಣ ನಿಲ್ಲಿಸಿತು. ಬಾಯಿ ಒರೆಸಿಕೊಂಡಿತು. ಗೋಡೆ ಕಡೆ ತಿರುಗಿತು.

ಆಗ ನನಗೆ ಹೊಳೆಯಿತು. ಈ ಮನೆಗೆ ಬಂದ ದಿನದಿಂದ ಕಾಯಿಲೆ ಬೀಳುವವರೆಗೂ ಅದಕ್ಕೆ ಒಂದು ತುತ್ತನ್ನೂ ಯಾರೂ ಕೊಟ್ಟಿರಲಿಲ್ಲ. ತಿಂದದ್ದೆಲ್ಲ ಕದ್ದದ್ದು, ಬೈಸಿಕೊಂಡದ್ದು. ಬೆಳ್ಳಿ ತಟ್ಟೆ ಅದಕ್ಕೇನು ಗೊತ್ತು? ನಾನೂ ಒಂಬತ್ತು ವರ್ಷದವನಿದ್ದಾಗ ಟೈಫಾಯ್ಡ್ ಬಿಟ್ಟ ಮೇಲೆ ಕೊಟ್ಟ ಗಂಜಿ ಉಗುಳಿ, ನೆಲುವಿನಿಂದ ಕೊಬ್ಬರಿ ಬೆಲ್ಲ ಕದ್ದು ತಿಂದು ಬದುಕಿದವನೇ. ಅಕ್ಕನಿಗೆ ಇವತ್ತಿಗೂ ಅದು ಗೊತ್ತಿಲ್ಲ.

"ಅಕ್ಕ, ಅದನ್ನ ಬೈಯಿ. ಓಡಿಸು. ಆಗ ತಿಂತೈತೆ."

"ಶಿವನ ಮುಂದೆ ಆಣೆ ಇಟ್ಟಿದ್ದೀನಿ ಕಣೋ. ಬೈಯಲಾರೆ."

ತಿಂದಿತಲ್ಲ, ನೀನಾದರೂ ಉಣ್ಣು ಎಂದರೆ, ಕದ್ದು ತಿಂದರೆ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಎಂಬ ಅನುಮಾನ ಬೇರೆ. ಬೆಕ್ಕಿಗಿಂತ ಇವಳದ್ದೇ ಹಟ ಜಾಸ್ತಿ.

20-2-78, ಸೋಮವಾರ

ಮಠದ ಅಯ್ಯನವರು ಭಿಕ್ಷಕ್ಕೆ ಬರುವ ದಿನ. ನಾನು ಡ್ಯೂಟಿಗೆ ಹೋಗದೆ ಕಾದೆ. ಅಕ್ಕ ಪಾದ ತೊಳೆದು ಎಲ್ಲವನ್ನೂ ಒಪ್ಪಿಸಿದಳು. ಊದುಕೊಳವೆ, ಆಣೆ, ಬೆಣ್ಣೆ. ಅಯ್ಯನವರು ಗಡ್ಡ ನೀವಿಕೊಂಡು ಎಲ್ಲ ಕೇಳಿ ಹೇಳಿದರು.

"ತೀರ್ಥವ್ವ, ಕೊಟ್ಟಿದ್ದು ತಿಂದ್ರೆ ನಿನ್ನ ಪುಣ್ಯ. ಕದ್ದು ತಿಂದ್ರೆ ಅದರ ಪುಣ್ಯ. ಹೊಟ್ಟೆ ತುಂಬಿದ್ರೆ ಶಿವನಿಗೆ ಎರಡೂ ಒಂದೇ. ಬೈಯಿ ತಾಯಿ, ಬಾಯ್ತುಂಬ ಬೈಯಿ. ಆಣೆ ನನ್ನ ಜೋಳಿಗೆಗೆ ಹಾಕ್ಬಿಡು, ನಾನು ಹೊತ್ಕೊಂಡು ಹೋಗ್ತೀನಿ."

ಅವರು ಅತ್ತ ಹೋದರು, ನಾವು ಇತ್ತ ಕೆಲಸಕ್ಕೆ ಇಳಿದೆವು. ಕಳ್ಳಿಗೆ ಹಾರಲು ಶಕ್ತಿಯಿಲ್ಲ. ನೆಲುವಿನ ಹಗ್ಗ ಬಿಚ್ಚಿ, ನೆಲದಿಂದ ಒಂದೇ ಗೇಣಿಗೆ ಇಳಿಸಿದೆವು. ಬೆಣ್ಣೆ ಕಲಸಿದ ಅನ್ನ ಇಟ್ಟು, ಮೇಲೆ ತಟ್ಟೆ ಮುಚ್ಚಿ, ಬಾಗಿಲ ಸಂದಿಯಲ್ಲಿ ಇಬ್ಬರೂ ಕಣ್ಣಿಟ್ಟು ಕೂತೆವು.

ಹತ್ತು ನಿಮಿಷ. ಎದ್ದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಪಂಜದಿಂದ ಮುಚ್ಚಳ ಸರಿಸಿದಳು. ಬಾಯಿ ಹಾಕಿದಳು. ಮೂರು ತುತ್ತು ಆಯಿತು, ನಾಲ್ಕಕ್ಕೆ ನಿಧಾನವಾದಳು, ಸುತ್ತ ನೋಡತೊಡಗಿದಳು. ಯಾರೂ ಬೈಯುತ್ತಿಲ್ಲವಲ್ಲ ಎಂದು ಅನುಮಾನ ಬಂದಿರಬೇಕು.

"ಬೈಯಕ್ಕ!"

"ಏ ಕಳ್ಳಿ..." ಎಂದಳು, ಮೇಷ್ಟ್ರ ಮುಂದೆ ಪಾಠ ಒಪ್ಪಿಸುವವಳ ಹಾಗೆ.

"ಜೋರಾಗಿ!"

"ಏ ಕಳ್ಳೀ! ನಿನ್ನ ಬಾಯಿಗೆ ಮಣ್ಣು ಹಾಕ! ಹಾಳು ಮುಂಡೇದೇ, ನಿನ್ನ ವಂಶ ನಿರ್ವಂಶವಾಗ!"

ಹಳೇ ಗಂಟಲು ಬಂದೇಬಿಟ್ಟಿತು. ಓಣಿಗೆಲ್ಲ ಕೇಳಿಸಿರಬೇಕು. ಕಳ್ಳಿ ಬಾಯ್ತುಂಬ ಅನ್ನ ಕಚ್ಚಿಕೊಂಡು ಕಣಜದ ಸಂದಿಗೆ ನುಗ್ಗಿ, ಅಲ್ಲಿ ಚಪ್ಪರಿಸಿಕೊಂಡು ತಿಂದಳು. ಅಕ್ಕ ಬೈಯುತ್ತಲೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಉಂಡಳು. ಅನ್ನ, ಸಾರು, ಎರಡನೇ ಸಲ ಬಡಿಸಿಕೊಂಡು. ಎದುರಿಗೆ ಕೂತು ನೋಡಿದೆ. ನನಗೂ ಅಳು ಬಂತು. ಬಂದರೆ ಬಂತು.

23-2-78, ಗುರುವಾರ

ನೆಲುವು ಈಗ ಒಂದು ಮೊಳ ಎತ್ತರ. ಹಿಂಗಾಲ ಮೇಲೆ ನಿಂತು ಎಳೆದುಕೊಂಡಳು. ಅಕ್ಕನಿಗೆ ಹೊಸ ಬೈಗುಳಗಳು ಹೊಳೆಯುತ್ತಿವೆ.

27-2-78, ಸೋಮವಾರ

ಸೊಂಟದೆತ್ತರ. ಎರಡು ಸಲ ಬಿದ್ದಳು, ಮೂರನೆಯದಕ್ಕೆ ಹತ್ತಿದಳು. ಬೆಕ್ಕು ಬಿದ್ದಾಗ ಬೈಯುವುದು ಮರೆತು "ಅಯ್ಯೋ ಕಂದಾ" ಎಂದುಬಿಟ್ಟಳು ಅಕ್ಕ. ತಕ್ಷಣ ತಿದ್ದಿಕೊಂಡಳು.

ಸ್ಟ್ಯಾಂಡಿನಲ್ಲಿ ಈಗ ಯಾರೂ ಗಾಡಿ ಲೇಟು ಎಂದು ಬೈಯುವುದಿಲ್ಲ. "ಇವತ್ತು ಎಷ್ಟು ಮೊಳ, ಏಜೆಂಟ್ರೇ?" ಬಸವರಾಜ ಬೀರೂರಿನವರೆಗೂ ಸುದ್ದಿ ಹಂಚಿದ್ದಾನೆ. ಅಜ್ಜಂಪುರದ ಡಾಕ್ಟರು, ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ ಎಂದು ಹೇಳಿ ಕಳಿಸಿದ್ದಾರೆ.

3-3-78, ಶುಕ್ರವಾರ

ಎದೆಯೆತ್ತರ. ಒಂದೇ ನೆಗೆತ.

ಇವತ್ತು ಹಗ್ಗ ಕಟ್ಟಿದ್ದು ಅಕ್ಕ. ನಾನು ಅಷ್ಟು ಹೊತ್ತು ಒದ್ದಾಡುವ ಗಂಟು ಅವಳಿಗೆ ಎರಡು ಸುತ್ತಿನ ಕೆಲಸ. ಎಳೆದರೆ ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ.

"ಇದೆಲ್ಲಿ ಕಲಿತೆ?"

"ನಿನಗೆ ಟೈಫಾಯ್ಡ್ ಬಂದಿತ್ತಲ್ಲ, ಆಗ."

ನನಗೆ ಅರ್ಥವಾಗಲಿಲ್ಲ. ಅಕ್ಕ ಹಗ್ಗ ನೋಡುತ್ತಲೇ ಹೇಳಿದಳು.

"ಗಂಜಿ ಕೊಟ್ರೆ ಉಗೀತಿದ್ದೆ. ಒಂದು ದಿನ ನೆಲುವಿನ ಕಡೆ ಕಣ್ಣು ಹಾಕ್ದೆ. ಎಲ್ಲಾದ್ರೂ ಎಟುಕ್ತಿತ್ತೇನೋ ನಿನಗೆ, ಕಡ್ಡಿ ಹಂಗಿದ್ದೆ! ದಿನಾ ನಾನೇ ಇಳಿಸ್ತಿದ್ದೆ. ಕೊಬ್ಬರಿ ಬೆಲ್ಲ ಇಟ್ಟು ಹಿತ್ಲಿಗೆ ಹೋಗ್ತಿದ್ದೆ. ನೀನು ಚೇತರಿಸ್ಕೊಂಡಂಗೆಲ್ಲ ಒಂದೊಂದು ಗೇಣು ಮೇಲಕ್ಕೆ."

ನಲವತ್ತು ವರ್ಷ ನಾನು ಜಾಣ ಕಳ್ಳ ಎಂದುಕೊಂಡಿದ್ದೆ.

"ಮತ್ತೆ ಈ ಬೆಕ್ಕಿಗೆ ಯಾಕೆ ಹೊಳೀಲಿಲ್ಲ ನಿನಗೆ?"

"ಅದಕ್ಕೆ ಹೊಡೆದಿದ್ದೆ ಕಣೋ. ನಿನಗೆ ಯಾವತ್ತೂ ಹೊಡೆದಿರ್ಲಿಲ್ಲ. ಹೊಡೆದ ಕೈಗೆ ಬುದ್ಧಿ ಓಡಲ್ಲ." ಆಮೇಲೆ, ಗಂಟನ್ನು ಇನ್ನೊಂದು ಸಲ ಬಿಗಿದು: "ಡೀಸೆಲ್ ವಾಸನೆ ಹೆಂಗಿರ್ತೈತೆ ಅಂತಲೂ ನನಗೆ ಗೊತ್ತು."

ಸ್ಟ್ಯಾಂಡಿಗೆ ಹೋಗುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ. ಶೆಟ್ಟರ ಅಂಗಡಿಯಲ್ಲಿ ಒಂದು ಅಚ್ಚು ಬೆಲ್ಲ ಕೊಂಡು ಅಲ್ಲೇ ನಿಂತು ತಿಂದೆ.

7-3-78, ಮಂಗಳವಾರ, ಸಂಜೆ 5

ಶಿವರಾತ್ರಿ. ಊರಿಗೆ ಊರೇ ಉಪವಾಸ. ಅಕ್ಕ ಬೆಳಿಗ್ಗೆಯಿಂದ ಹಸನ್ಮುಖಿ. ನಾಳೆ ಪಾರಣೆಗೆ ಅಂತ ಗಡಿಗೆ ತುಂಬ ಬೆಣ್ಣೆ ತೆಗೆದು ನೆಲುವಿನ ಮೇಲೆ ಇಟ್ಟಿದ್ದಾಳೆ. ಇವತ್ತು ಇಳಿಸಿಲ್ಲ. ಹಳೇ ಗಂಟು, ಹಳೇ ಆಳೆತ್ತರ. "ಅಲ್ಲಿಗೆ ಇನ್ನೂ ಎರಡು ವಾರ ಬೇಕು ಬಿಡು," ಎಂದಳು.

ಊದುಕೊಳವೆಯನ್ನು ನಾನು ತಂದು ಈ ಮೇಜಿನ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಬೈಯಲಿ ಬೇಕಾದಷ್ಟು.

ಅಡುಗೆಮನೆಯಲ್ಲಿ ಏನೋ ದೊಪ್ ಎಂದಿತು. ಗಡಿಗೆ! ಗಡಿಗೆ ಒಡೆದ ಸದ್ದು!

"ಕಳ್ಳೀ! ಶಿವರಾತ್ರಿ ದಿನವಾದ್ರೂ ಬಾಯಿ ಕಟ್ಟೋದು ಬೇಡ್ವೇನೇ! ಮಲ್ಲಣ್ಣಾ, ಊದುಕೊಳವೆ ಎಲ್ಲೋ? ಅಯ್ಯೋ, ಪೂರ್ತಿ ಎತ್ತರ ಹಾರ್ಬಿಟ್ಟಳು ಕಣೋ! ಬಾರೋ ಇಲ್ಲಿ, ಬಂದು ನೋಡೋ—"

ಹೋಗಬೇಕು. ಬೀಗದ ಕೈ ಜೇಬಿನಲ್ಲಿ ಭದ್ರವಾಗಿದೆ. ಪೆನ್ನು ಮುಚ್ಚುವಷ್ಟರಲ್ಲಿ ಕಾಲಡಿಯಲ್ಲೇ ಬಂದಳು, ಮೀಸೆ ತುಂಬ ಬೆಣ್ಣೆ, ಹಿಂದೆಯೇ ಅಕ್ಕ, ಕೈಯಲ್ಲಿ ಪೊರ—