ಕೂತ್ಕೊಳ್ಳೇ ಅಕ್ಕ

ಅಕ್ಕಾ,

ಇವತ್ತು ನಿನ್ನ ರಾಕ್ ಗಾಯಕ ಮಹಾರಾಯನನ್ನು ನೋಡಲು ಸ್ಟೇಡಿಯಂಗೆ ಹೋಗಿದ್ದೆ. ನೀನು ತೀರಿಕೊಂಡ ಮೇಲೂ ಅಭ್ಯಾಸಬಲದಿಂದ ಎರಡು ಟಿಕೆಟ್ ಕೊಂಡುಬಿಟ್ಟಿದ್ದೆ. ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟೆ.

ಅವನಿಗೂ ವಯಸ್ಸಾಯಿತು ಕಣೇ. ಸ್ಟೂಲಿನ ಮೇಲೆ ಕೂತೇ ಹಾಡಿದ. ದನಿ ಏರಿಸಬೇಕಾದಲ್ಲೆಲ್ಲ ಮೈಕನ್ನು ನಮ್ಮತ್ತ ಚಾಚಿದ. ಕೊನೆಗೆ ನಿನ್ನ ಹಾಡು ಶುರುವಾಯಿತು. ಅದು ಬಂದರೆ ಸಾಕು, ನೀನು ಕುರ್ಚಿ ಹತ್ತಿ ಕುಣಿಯುತ್ತಿದ್ದೆ. "ಕೂತ್ಕೊಳ್ಳೇ ಅಕ್ಕ, ಮಾನ ಕಳೀಬೇಡ" ಎಂದು ನಾನು ನಿನ್ನ ಅಂಗಿ ಜಗ್ಗುತ್ತಿದ್ದೆ.

ಹಿಂದಿನ ಸಾಲಿನ ಹುಡುಗಿ ನನ್ನ ಭುಜ ತಟ್ಟಿದಳು.

"ಆಂಟಿ, ನಿಮ್ಮ ಜೊತೆ ಬಂದಿರೋರಿಗೆ ಸ್ವಲ್ಪ ಕೂತ್ಕೊಳ್ಳೋಕೆ ಹೇಳ್ತೀರಾ? ನಮಗೆ ಸ್ಟೇಜೇ ಕಾಣ್ತಿಲ್ಲ."

ಪಕ್ಕಕ್ಕೆ ತಿರುಗಿದೆ. ಕುರ್ಚಿ ಖಾಲಿ. ಕೈಚೀಲ ಮಾತ್ರ ನೆಲದ ಮೇಲಿತ್ತು.

"ನಿಂತಿರಲಿ ಬಿಡಮ್ಮ," ಎಂದೆ. "ನಮ್ಮಕ್ಕಂಗೆ ಈ ಹಾಡು ಅಂದ್ರೆ ಪ್ರಾಣ."