ಬಾಣಂತಿ ಖೋಲಿಯ ಗಾಳಿ

೧೨ ಮೇ ೧೯೬೪, ದಾಂಡೇಲಿ

ತಪ್ಪಾತು, ಸಿಟ್ಟಿನ್ಯಾಗ ಬರದದ್ದು ಹೊಡದ ಹಾಕಿ ಮತ್ತ ಮೊದಲಿಂದ ಬರೀತೇನಿ. ಮಗಳು ಮಾಲವ್ವನ ಬಾಣಂತಿ ಖೋಲ್ಯಾಗ ಇಬ್ಬರು ಶ್ಯಾಣ್ಯಾರು ಸೇರ್ಯಾರ. ನಮ್ಮ ಅಕ್ಕ ಖಿಡಕಿ ಸಂದಿಗೆ ಹಳೇ ಸೀರಿ ತುರುಕಿ, ಮಂಚದ ಕೆಳಗ ಕೆಂಡದ ಶೇಗಡಿ ಇಟ್ಟಾಳ. ಅಳಿಯ ಟೇಬಲ್ ಫ್ಯಾನ್ ತಂದು ಶೇಗಡಿ ಎದುರಿಗೇ ಹಚ್ಚ್ಯಾನ. ಬೂದಿ ಹಾರಿ ಕೂಸಿನ ಮಾರಿ ಮ್ಯಾಲೆ! ಮಾಲವ್ವಗ ತಲಿ ಸುತ್ತಿ ವಾಂತಿ.

"ಫ್ಯಾನಿನ ಥಂಡಿ ಹೊಡದೈತಿ," ಅಂದ್ಲು ಅಕ್ಕ.

"ನಿಮ್ಮ ಕೆಂಡದ ಸೆಕಿ ರೀ ಅತ್ತಿ," ಅಂದ ಅವ.

ಕೆಂಡ ಇಟ್ಟಲ್ಲೆ ಗಾಳಿಗೆ ದಾರಿ ಬೇಕು ಅನ್ನೂದು ಈ ಎರಡು ತಲಿಗೂ ಹೊಳೀಲಿಲ್ಲ. ನಾನ ಸೀರಿ ಕಿತ್ತು ಖಿಡಕಿ ತೆಗದೆ. ಮಾಲವ್ವ ಉಸಿರು ಬಿಟ್ಟಳು, ಕೂಸು ಮಲಗಿತು. ಆಕಿ ಆರಾಮಾದದ್ದು ಶೇಗಡಿಯಿಂದೋ ಫ್ಯಾನಿನಿಂದೋ ಅಂತ ಇಬ್ಬರೂ ಮತ್ತ ಜಗಳಾಡಿದ್ರು. ಥೂ, ಇವರ ಬುದ್ಧಿಗಿಷ್ಟು!

"ಯಪ್ಪಾ, ಅತ್ತಿ ಖಿಡಕಿ ಮತ್ತ ಮುಚ್ಚ್ಯಾಳ, ಬಾ!"

ಮಾಲವ್ವ ಕರ್ಯಾಕತ್ತಾಳ. ಹೊಂಟೆ. ಈ ಸಲ ಖಿಡಕಿ ಬಾಗಲಾನ ಕಿತ್ತು ಒಗೀತೇನಿ.